ಗಾಲಿಗೂ ಹಬ್‌ಗೂ ನಡುವೆ ಒಂದು ಬಿಲ್ಲೆ: ಕರಾವಳಿಯ ಕಾರಿಗೆ ವೀಲ್ ಸ್ಪೇಸರ್ ಸರಿಯೇ?

‘ಮಾರ್ಪಾಡು ಮಾಡಿದ ಗಾಡಿಗೆ ಐದು ಸಾವಿರ ದಂಡ, ಆರು ತಿಂಗಳು ಜೈಲು.’ ಈ ಸುದ್ದಿ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತದೆ, ಪ್ರತಿ ಸಲವೂ ನಿನ್ನೆ ಮೊನ್ನೆಯದೆಂಬಂತೆ. ಅದೇ ಫೋನಿನಲ್ಲಿ ಬೆರಳು ಸ್ವಲ್ಪ ಸರಿಸಿದರೆ ವೀಲ್ ಸ್ಪೇಸರ್‌ಗಳ ಜಾಹೀರಾತು. ನಾಲ್ಕರ ಸೆಟ್, ಮನೆ ಬಾಗಿಲಿಗೆ, ಪೂರ್ತಿ ಸೇಫ್. ದಂಡ ಬೀಳುವ ಸಾಮಾನನ್ನು ಹೀಗೆ ರಾಜಾರೋಷವಾಗಿ ಮಾರಬಹುದೇ? ಗ್ಯಾರೇಜಿನಲ್ಲಿ ಕೇಳಿದರೆ ಒಬ್ಬರು ‘ಏನೂ ಆಗಲ್ಲ’ ಎನ್ನುತ್ತಾರೆ. ಪಕ್ಕದ ಗ್ಯಾರೇಜಿನವರು ‘ಗಾಲಿ ಕಳಚಿ ಹೋಗ್ತದೆ, ಮುಟ್ಟಲೇಬೇಡಿ’ ಎನ್ನುತ್ತಾರೆ. ಕಾರವಾರ, ಕುಮಟಾ, ಶಿರಸಿ ಕಡೆ ಜೀಪು ಮಾದರಿಯ ಗಾಡಿಗಳ ಹುಚ್ಚು ಹೆಚ್ಚಿದ ಹಾಗೆ ಈ ಪ್ರಶ್ನೆಯೂ ಹೆಚ್ಚಿದೆ.

ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಇಬ್ಬರೂ ಬಿಲ್ಲೆಯ ಬಗ್ಗೆ ಮಾತಾಡುತ್ತಾರೆ, ಅದನ್ನು ಹಿಡಿದಿರುವ ಬಿಗಿತದ ಬಗ್ಗೆ ಮಾತಾಡುವುದಿಲ್ಲ.

ಯಾಕೆ ಹಾಕಿಸುತ್ತಾರೆ

ವೀಲ್ ಸ್ಪೇಸರ್ ಎಂದರೆ ದುಂಡಗಿನ ಲೋಹದ ಬಿಲ್ಲೆ. ಹಬ್‌ಗೂ (ಗಾಲಿಯನ್ನು ಹೊತ್ತು ಅದರ ಜೊತೆಗೇ ತಿರುಗುವ ಭಾಗ) ಗಾಲಿಗೂ ನಡುವೆ ಇಟ್ಟರೆ ಗಾಲಿ ಅಷ್ಟು ಹೊರಗೆ ಬರುತ್ತದೆ. ದಪ್ಪ 3 ಮಿ.ಮೀ.ಯಿಂದ 50 ಮಿ.ಮೀ.ವರೆಗೂ ಸಿಗುತ್ತದೆ. ಬದಿಗೆ 25 ಮಿ.ಮೀ. ಹಾಕಿದರೆ ಎಡ ಬಲ ಗಾಲಿಗಳ ನಡುವಿನ ಅಂತರ 50 ಮಿ.ಮೀ. ಜಾಸ್ತಿಯಾಗುತ್ತದೆ.

ಕೆಲವರಿಗೆ ಇದು ನಿಜವಾಗಿ ಬೇಕಾಗುತ್ತದೆ. ಅಗಲದ ಟಯರ್ ಹಾಕಿದಾಗ ಒಳಬದಿ ಶಾಕ್ ಅಬ್ಸಾರ್ಬರ್‌ಗೋ ಸಸ್ಪೆನ್ಷನ್ ತೋಳಿಗೋ ಉಜ್ಜುತ್ತದೆ. ಹೊಸ ಅಲಾಯ್ ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತದೆ. ಉಳಿದವರಿಗೆ, ಅಂದರೆ ಹೆಚ್ಚಿನವರಿಗೆ, ಗಾಡಿ ಅಗಲವಾಗಿ ಕಂಡರೆ ಸಾಕು. ಅದು ತಪ್ಪೇನಲ್ಲ. ಆದರೆ ಚಂದಕ್ಕೆ ತೆಗೆದುಕೊಳ್ಳುವ ಅಪಾಯವನ್ನೂ ಅಗತ್ಯಕ್ಕೆ ತೆಗೆದುಕೊಳ್ಳುವ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗಾಲಿಯನ್ನು ಹಿಡಿದಿರುವುದು ಯಾವುದು?

ಕಾರಿನ ಭಾರವೆಲ್ಲ ಹಬ್‌ನಿಂದ ಚಾಚಿಕೊಂಡು ನಟ್ ಹಿಡಿಯುವ ಆ ನಾಲ್ಕೈದು ಸ್ಟಡ್‌ಗಳ ಮೇಲೆ ಕೂತಿದೆ ಎಂದು ಹೆಚ್ಚಿನವರ ಅಂದಾಜು. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಒಂಚೂರು ಎಳೆದುಕೊಳ್ಳುತ್ತದೆ. ಎಳೆದ ಸ್ಪ್ರಿಂಗಿನ ಹಾಗೆ ಅದು ಗಾಲಿಯನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಎರಡು ಮುಖಗಳ ನಡುವೆ ಹುಟ್ಟುವ ಉಜ್ಜುಬಲವೇ ಗಾಲಿಯನ್ನು ಜಾರದಂತೆ ತಡೆಯುವುದು. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಹೊಂಡಕ್ಕೆ ಬಿದ್ದಾಗ ಕೆಲಸ ಮಾಡುವುದು ಇದೇ.

ಒತ್ತಡ ಸಣ್ಣದಲ್ಲ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ಸ್ಟಡ್ ಇರುತ್ತದೆ. ಅದನ್ನು 100 ನ್ಯೂಟನ್ ಮೀಟರ್ ಟಾರ್ಕ್‌ಗೆ, ಅಂದರೆ ತಿರುಚುವ ಬಲಕ್ಕೆ, ಬಿಗಿದರೆ ಒಂದೊಂದು ನಟ್ ಹೆಚ್ಚು ಕಡಿಮೆ 4 ಟನ್ ಬಲದಿಂದ ಒತ್ತುತ್ತದೆ. ನಾಲ್ಕು ನಟ್ ಸೇರಿದರೆ 16 ಟನ್.

ಇಷ್ಟೆಲ್ಲ ಬಲ ಬರುವುದು ಎಷ್ಟು ಎಳೆತದಿಂದ ಗೊತ್ತಾ? ಬಿಗಿತದೊಳಗಿರುವ ಸ್ಟಡ್ ಭಾಗ 20 ಮಿ.ಮೀ. ಉದ್ದವಿದ್ದರೆ ಅದು ಎಳೆದುಕೊಳ್ಳುವುದು ಸುಮಾರು 0.05 ಮಿ.ಮೀ. ಮಾತ್ರ. ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಹಾಗಾಗಿ ಮುಖಗಳ ನಡುವೆ ಸಿಕ್ಕಿಕೊಂಡ ಬಣ್ಣದ ಪದರವೋ, ಜಂಗಿನ ಹುಡಿಯೋ, ಒಣಗಿದ ಕೆಸರೋ ಓಡಾಟದಲ್ಲಿ ಅಷ್ಟು ಸವೆದು ಕುಸಿದರೂ ಸಾಕು. ಸ್ಟಡ್‌ನ ಎಳೆತ ಇಳಿಯುತ್ತದೆ, ಟನ್ನುಗಟ್ಟಲೆ ಒತ್ತಡ ಮಾಯವಾಗುತ್ತದೆ. ನಟ್ ಒಂದು ಸುತ್ತೂ ತಿರುಗಬೇಕಾಗಿಲ್ಲ.

ಪಿಕಪ್‌ನಲ್ಲಿ ಅಡಿಕೆ ಚೀಲ ಹೇರಿ ಹಗ್ಗ ಬಿಗಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಡುವಾಗ ಹಗ್ಗ ತಂತಿಯ ಹಾಗಿರುತ್ತದೆ. ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಚೀಲ ಕುಲುಕಿ ಕೂತು ಹಗ್ಗ ಸಡಿಲ. ಗಂಟು ಬಿಚ್ಚಿಲ್ಲ, ಹಗ್ಗ ಹರಿದಿಲ್ಲ, ಆದರೂ ಲೋಡು ಅಲುಗುತ್ತದೆ. ಅನುಭವ ಇದ್ದ ಡ್ರೈವರ್ ಘಟ್ಟಕ್ಕೆ ಮೊದಲು ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುತ್ತಾನೆ.

ಬಿಗಿತ ಹೋದ ಮೇಲೆ ಗಾಲಿ ಹಬ್‌ನ ಮೇಲೆ ಸೂಕ್ಷ್ಮವಾಗಿ ಜಾರತೊಡಗುತ್ತದೆ. ಆಗ ಸ್ಟಡ್ ತನ್ನದಲ್ಲದ ಕೆಲಸ ಮಾಡಬೇಕಾಗುತ್ತದೆ. ಪ್ರತಿ ಸುತ್ತಿಗೂ ಬಾಗುತ್ತದೆ, ನೆಟ್ಟಗಾಗುತ್ತದೆ. ತಂತಿಯನ್ನು ಆಚೀಚೆ ಬಗ್ಗಿಸಿ ಮುರಿಯುವ ಹಾಗೆ ಒಂದು ದಿನ ತುಂಡಾಗುತ್ತದೆ. ಒಂದು ಹೋದರೆ ಉಳಿದವುಗಳ ಮೇಲೆ ಭಾರ ಹೆಚ್ಚು, ಅವೂ ಸಾಲಾಗಿ ಹೋಗುತ್ತವೆ. ‘ಸ್ಪೇಸರ್‌ನಿಂದ ಗಾಲಿ ಕಳಚಿತು’ ಎನ್ನುವ ಹೆಚ್ಚಿನ ಕಥೆಗಳ ಒಳಗುಟ್ಟು ಇಷ್ಟೇ. ಬಿಲ್ಲೆ ಒಡೆದು ಗಾಲಿ ಹೋಗುವುದು ಅಪರೂಪ.

ಬಿಲ್ಲೆಯೇ ಇಲ್ಲದ ಗಾಡಿಗೂ ಇದು ತಪ್ಪಿದ್ದಲ್ಲ. 2022ರ ಜೂನ್‌ನಲ್ಲಿ ಟೊಯೋಟಾ ತನ್ನ ಹೊಸ ವಿದ್ಯುತ್ ಕಾರು ಬಿಝಡ್4ಎಕ್ಸ್‌ನ ಸುಮಾರು 2,700 ಗಾಡಿಗಳನ್ನು ವಾಪಸ್ ಕರೆಯಿತು. ಹಬ್ ಬೋಲ್ಟ್ ಸಡಿಲವಾಗಿ ಗಾಲಿ ಕಳಚಬಹುದು, ಓಡಿಸಬೇಡಿ ಎಂದಿತು. ಪರಿಹಾರ ಪ್ರಕಟವಾಗಲು ಅಕ್ಟೋಬರ್ ಬಂತು. ಅಷ್ಟು ದೊಡ್ಡ ಕಂಪನಿಗೇ ಈ ಜೋಡಣೆ ಕೈಕೊಟ್ಟಿತು ಎಂದರೆ, ನಡುವೆ ಇನ್ನೊಂದು ಸಂದು ಸೇರಿಸುವಾಗ ಎಷ್ಟು ಎಚ್ಚರ ಬೇಕು ನೋಡಿ.

ಎರಡು ಜಾತಿ, ಬೇರೆ ಬೇರೆ ತೊಂದರೆ

ಮೊದಲನೆಯದು ಬರೀ ತೂತಿನ ಬಿಲ್ಲೆ. ಮೂಲ ಸ್ಟಡ್‌ಗಳ ಮೇಲೆ ಸೇರಿಸಿ, ಮೇಲೆ ಗಾಲಿ ಇಟ್ಟು, ಹಳೆ ನಟ್‌ನಿಂದಲೇ ಬಿಗಿಯುವುದು. ಬಿಲ್ಲೆ ಎಷ್ಟು ದಪ್ಪವೋ ಅಷ್ಟು ಸ್ಟಡ್ ಕಡಿಮೆಯಾಯಿತು. ನಟ್ ಕನಿಷ್ಠ ಸ್ಟಡ್‌ನ ವ್ಯಾಸದಷ್ಟಾದರೂ ಹಿಡಿದಿರಬೇಕು ಎಂಬುದು ರೂಢಿಯ ಲೆಕ್ಕ. 12 ಮಿ.ಮೀ. ಸ್ಟಡ್‌ಗೆ 12 ಮಿ.ಮೀ. ಹ್ಯುಂಡೈ, ಟೊಯೋಟಾಗಳಂತೆ ಮರೆಯ (ಸ್ಟಡ್ ಮೇಲಿನ ಸುರುಳಿ ಗೆರೆ, ಥ್ರೆಡ್) ಅಂತರ 1.5 ಮಿ.ಮೀ. ಇದ್ದರೆ ಎಂಟು ಸುತ್ತು. ಮಾರುತಿಗಳಲ್ಲಿ 1.25 ಮಿ.ಮೀ., ಅಂದರೆ ಒಂಬತ್ತೂವರೆಗಿಂತ ಜಾಸ್ತಿ. ಬಿಲ್ಲೆ ಹಾಕಿದ ಮೇಲೆ ನಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಎಣಿಸಿದರೆ ಉತ್ತರ ಸಿಗುತ್ತದೆ. ಐದೇ ಸುತ್ತಿಗೆ ನಿಂತರೆ ಆ ಬಿಲ್ಲೆಯನ್ನು ಆಗಲೇ ತೆಗೆದಿಡಬೇಕು. ಉದ್ದ ಸ್ಟಡ್ ಹಾಕಿಸದೆ ಅದು ಆ ಕಾರಿಗೆ ಆಗದು.

ಇದರಲ್ಲಿ ಇನ್ನೊಂದು ನಷ್ಟವೂ ಇದೆ. ಹಬ್‌ನ ನಡುವೆ ಉಬ್ಬಿದ ಒಂದು ಬಳೆ ಇರುತ್ತದೆ. ಗಾಲಿಯ ನಡುತೂತು ಅದರ ಮೇಲೆ ಕೂತು ಗಾಲಿ ನಟ್ಟನಡುವೆ ನಿಲ್ಲುತ್ತದೆ. ದಪ್ಪ ಬಿಲ್ಲೆ ಆ ಬಳೆಯನ್ನೇ ನುಂಗಿಬಿಡುತ್ತದೆ. ಗಾಲಿ ಕೂದಲೆಳೆಯಷ್ಟು ಓರೆಗೆ ಕೂತರೂ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೋಗುವುದಿಲ್ಲ, ಯಾಕೆಂದರೆ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ಬಿಲ್ಲೆ ಇರುವುದಿಲ್ಲವಲ್ಲ!

ಎರಡನೆಯದು ಬೋಲ್ಟ್ ಹಾಕುವ ಸ್ಪೇಸರ್. ಅದನ್ನು ಮೂಲ ಸ್ಟಡ್‌ಗೆ ನಟ್ ಹಾಕಿ ಬಿಗಿಯುತ್ತಾರೆ. ಅದರದೇ ಹೊಸ ಸ್ಟಡ್‌ಗಳಿಗೆ ಗಾಲಿ ಬಿಗಿಯುತ್ತಾರೆ. ಮರೆ ಕಡಿಮೆ ಬೀಳುವುದಿಲ್ಲ, ಹೊಸ ಬಳೆಯೂ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಗಾಲಿಗೆ ನಾಲ್ಕಿದ್ದ ನಟ್ ಎಂಟಾಯಿತು, ಅದರಲ್ಲಿ ನಾಲ್ಕು ಗಾಲಿಯ ಹಿಂದೆ ಅಡಗಿವೆ. ಗಾಲಿ ಬಿಚ್ಚದೆ ಅವು ಕಾಣುವುದಿಲ್ಲ. ಪಂಕ್ಚರ್ ಅಂಗಡಿಯವರು ಹೊರಗಿನ ನಾಲ್ಕನ್ನು ನಟ್ ಬಿಗಿಯುವ ಗನ್ ಹಿಡಿದು ಬಿಗಿದು ಕಳಿಸುತ್ತಾರೆ. ಒಳಗಿನ ನಾಲ್ಕರ ಗತಿ ಏನು?

ತೆಳು ಬೋಲ್ಟ್ ಸ್ಪೇಸರ್‌ನಲ್ಲಿ ಇದಕ್ಕಿಂತ ಮೋಸದ ಸಂಗತಿ ಇದೆ. ಮೂಲ ಸ್ಟಡ್‌ನ ತುದಿ ಬಿಲ್ಲೆಯ ಮುಖ ದಾಟಿ ಹೊರಗೆ ಇಣುಕಬಹುದು. ಗಾಲಿಯ ಹಿಂಬದಿಯಲ್ಲಿ ಅಲ್ಲಿ ಪೊಳ್ಳು ಜಾಗ ಇದ್ದರೆ ಸರಿ. ಇಲ್ಲದಿದ್ದರೆ ಗಾಲಿ ಬಿಲ್ಲೆಯ ಮೇಲೆ ಕೂರದೆ ಸ್ಟಡ್ ತುದಿಗಳ ಮೇಲೆ ಕೂರುತ್ತದೆ. ನಟ್ ಪೂರ್ತಿ ಬಿಗಿಯಾದ ಹಾಗೆ ಅನಿಸುತ್ತದೆ. ಮುಖಕ್ಕೆ ಮುಖ ತಾಗಿರುವುದೇ ಇಲ್ಲ.

ಕಳಪೆಯನ್ನು ಗುರುತಿಸುವುದು ಹೇಗೆ

ಒಳ್ಳೆಯ ಸ್ಪೇಸರ್‌ಗಳನ್ನು 6061-ಟಿ6 ತರದ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಷಿನ್‌ನಲ್ಲಿ ಕೊರೆದು ಮಾಡುತ್ತಾರೆ. ಕಳಪೆಯವನ್ನು ಅಚ್ಚಿಗೆ ಎರಕ ಹೊಯ್ದು ಮೇಲೆ ಹೊಳಪು ಕೊಡುತ್ತಾರೆ. ಬಣ್ಣ ಹೊಡೆದ ಮೇಲೆ ಎರಡೂ ಒಂದೇ. ಪೆಟ್ಟಿಗೆಯ ಮೇಲೆ ‘6061’ ಎಂದು ಬರೆಯಲು ಖರ್ಚಿಲ್ಲ, ಆದ್ದರಿಂದ ಅದನ್ನು ನಂಬಿ ಪ್ರಯೋಜನವಿಲ್ಲ.

ಕೈಯಲ್ಲಿ ಹಿಡಿದು ನೋಡಬಹುದಾದ ಗುರುತುಗಳು ಬೇರೆ ಇವೆ. ವರ್ನಿಯರ್ ಕ್ಯಾಲಿಪರ್‌ನಿಂದ ನಾಲ್ಕು ಕಡೆ ದಪ್ಪ ಅಳೆಯಿರಿ. ಅಳತೆ ಜಾಗಕ್ಕೊಂದಾದರೆ ಗಾಲಿ ಓರೆ ಕೂರುತ್ತದೆ. ಯಾವುದಾದರೂ ಲೇತ್ ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ ಇದು. ನಡುತೂತು ನಿಮ್ಮ ಹಬ್‌ಗೆ ಸರಿಯಾಗಿ ಕೂರಬೇಕು: ಸ್ವಿಫ್ಟ್‌ಗೆ 54.1 ಮಿ.ಮೀ., ಕ್ರೆಟಾಗೆ 67.1, ಜಿಮ್ನಿಗೆ 108. ನಾಲ್ಕು ಬೋಲ್ಟಿಗೂ ಐದು ಬೋಲ್ಟಿಗೂ ಆಗುವಂತೆ ಉದ್ದುದ್ದ ಸೀಳಿರುವ ‘ಎಲ್ಲ ಕಾರಿಗೂ’ ಬಿಲ್ಲೆಗಳು ಯಾವ ಕಾರಿಗೂ ಸರಿಯಲ್ಲ. ಒತ್ತಡ ಹಂಚಿಕೊಳ್ಳಬೇಕಾದ ಜಾಗದಲ್ಲಿ ಅವುಗಳಿಗೆ ಲೋಹವೇ ಇಲ್ಲ. ಸ್ಟಡ್‌ನ ತಲೆಯ ಮೇಲೆ 10.9 ಎಂಬಂತಹ ಬಲದ ಗುರುತು ಇದೆಯೇ ನೋಡಿ. ಕೂರುವ ಮುಖದ ಮೇಲೆ ದಪ್ಪ ಪೌಡರ್ ಬಣ್ಣ ಇದ್ದರೆ ಬೇಡ. ಆ ಬಣ್ಣವೇ ನಾಳೆ ಕುಸಿಯುವ 0.05 ಮಿ.ಮೀ.

ನಟ್‌ನ ಮುಖವೂ ಮುಖ್ಯ. ಕೆಲವು ಗಾಲಿಗೆ ಕೋನ್ ಆಕಾರದ ನಟ್ ಬೇಕು, ಹೋಂಡಾಕ್ಕೆ ಗೋಲಿಯಂತೆ ದುಂಡಗಿನದು, ಟೊಯೋಟಾದ ಕೆಲವು ಅಲಾಯ್‌ಗೆ ವಾಷರ್ ಇರುವ ಚಪ್ಪಟೆಯದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ತಾಗುವುದು ಅಂಚು ಮಾತ್ರ.

ಉಪ್ಪು, ಮಳೆ, ಘಟ್ಟ

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿಗಾದರೂ ಅನ್ವಯಿಸುತ್ತದೆ. ಉತ್ತರ ಕನ್ನಡದ ಲೆಕ್ಕ ಸ್ವಲ್ಪ ಬೇರೆ.

ಅಲ್ಯೂಮಿನಿಯಂ ಬಿಲ್ಲೆ, ಕಬ್ಬಿಣದ ಹಬ್. ಎರಡು ಬೇರೆ ಲೋಹ ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ತಿಂದುಹೋಗುವುದು ಅಲ್ಯೂಮಿನಿಯಂ. ಬಿಳಿ ಹುಡಿ ಏಳುತ್ತದೆ, ಆ ಹುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹುಬ್ಬಳ್ಳಿಯಲ್ಲಿ ಇದು ನಿಧಾನ. ಕಾರವಾರ, ತದಡಿ, ಹೊನ್ನಾವರ, ಭಟ್ಕಳಗಳಲ್ಲಿ ಸಮುದ್ರದ ಗಾಳಿಯೇ ಉಪ್ಪು ತರುತ್ತದೆ, ಬಂದರು ರಸ್ತೆಯಲ್ಲಿ ಮೀನಿನ ಗಾಡಿಗಳಿಂದ ಸುರಿಯುವ ನೀರೂ ಉಪ್ಪೇ. ಮೇಲಿಂದ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸಂದು ಒಣಗುವುದೇ ಇಲ್ಲ.

ಮುಂದೆ ಆಗುವುದು ಹೀಗೆ. ಮಳೆಗಾಲ ಮುಗಿದ ಮೇಲೆ ಗಾಲಿ ಬಿಚ್ಚಲು ಹೋದರೆ ಬಿಲ್ಲೆ ಹಬ್‌ಗೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಲ್ಲಿ ಬಡಿಯುತ್ತಾರೆ. ಮುಖ ಗಾಯವಾಗುತ್ತದೆ. ಹುಡಿ ಪೂರ್ತಿ ಉಜ್ಜಿ ತೆಗೆಯದೆ ಮತ್ತೆ ಕೂರಿಸುತ್ತಾರೆ. ನಟ್ ಬಿಗಿಯಾಗುತ್ತದೆ, ಆದರೆ ಬಿಗಿದದ್ದು ಹುಡಿಯ ಮೇಲೆ. ನಾಲ್ಕು ದಿನ ಓಡುವಷ್ಟರಲ್ಲಿ ಹುಡಿ ಪುಡಿಯಾಗಿ ಬಿಗಿತ ಹೋಗುತ್ತದೆ. ಹಾಗಾಗಿ ಹಾಕಿಸಿದ ದಿನಕ್ಕಿಂತ ಮೊದಲ ಮಳೆಗಾಲದ ನಂತರ ಬಿಚ್ಚಿ ಹಾಕಿದ ದಿನವೇ ಇಲ್ಲಿ ಹೆಚ್ಚು ಅಪಾಯದ್ದು.

ನಟ್ ಸಡಿಲವಾದಾಗ ಅದರ ಸುತ್ತ ಕೆಂಪು ಗೆರೆಗಳು ಇಳಿದಿರುತ್ತವೆ. ಜಾರುವ ಲೋಹ ಕಾರುವ ಜಂಗು ಅದು. ಬೇರೆ ಊರಲ್ಲಾದರೆ ಕಣ್ಣಿಗೆ ಹೊಡೆಯುತ್ತದೆ. ಗೇಟು, ಕಿಟಕಿ, ಸ್ಕೂಟರ್ ಎಲ್ಲಕ್ಕೂ ಜಂಗು ಹಿಡಿಯುವ ನಮ್ಮ ಕಡೆ ಯಾರು ಅದನ್ನು ನೋಡುತ್ತಾರೆ!

ಇನ್ನು ಘಟ್ಟ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಕುಮಟಾ ಕಡಲ ದಂಡೆ. ನಡುವೆ ದೇವಿಮನೆ ಘಟ್ಟ. ಯಲ್ಲಾಪುರ–ಅಂಕೋಲಾ ನಡುವೆ ಅರಬೈಲು. ಇಳಿಯುವಾಗ ಗೇರ್ ಬದಲು ಬ್ರೇಕನ್ನೇ ನೆಚ್ಚಿಕೊಂಡರೆ ಡಿಸ್ಕ್ ಕಾಯುತ್ತದೆ, ಹಬ್ ಕಾಯುತ್ತದೆ, ಬಿಲ್ಲೆಯೂ ಕಾಯುತ್ತದೆ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸ್ಟಡ್ ಅಷ್ಟು ಹಿಗ್ಗದು. ಆದ್ದರಿಂದ ಒತ್ತಡ ಏರಿ ಬಿಲ್ಲೆಯ ಮುಖ ಸ್ವಲ್ಪ ನಜ್ಜಾಗಬಹುದು. ತಣ್ಣಗಾದಾಗ ಮೊದಲಿನ ಬಿಗಿತ ಪೂರ್ತಿ ವಾಪಸ್ ಬರುವುದಿಲ್ಲ. ಒಂದು ಸಲಕ್ಕೆ ಏನೂ ಅಲ್ಲ. ವಾರಕ್ಕೆರಡು ಸಲ ಘಟ್ಟ ಹತ್ತಿಳಿಯುವ ಗಾಡಿಗೆ ಅದು ಸೇರುತ್ತಾ ಹೋಗುತ್ತದೆ. ಮೆತ್ತನೆಯ ಎರಕದ ಬಿಲ್ಲೆಯಾದರೆ ಇನ್ನೂ ಬೇಗ.

ಸ್ಟೀರಿಂಗ್ ಮೇಲೂ ಪರಿಣಾಮವಿದೆ. ಮುಂದಿನ ಗಾಲಿ ಹೊರಗೆ ಸರಿದಷ್ಟೂ ರಸ್ತೆಯ ಎಳೆತಕ್ಕೆ ಸ್ಟೀರಿಂಗ್ ಮೇಲೆ ಹಿಡಿತ ಜಾಸ್ತಿ. ರಸ್ತೆ ಬದಿಯ ನೀರಿಗೆ ಒಂದು ಗಾಲಿ ಇಳಿದರೆ, ಅಥವಾ ಒಂದು ಬದಿ ಡಾಂಬರು ಇನ್ನೊಂದು ಬದಿ ಕೆಮ್ಮಣ್ಣಿನ ಮೇಲಿದ್ದಾಗ ಬ್ರೇಕ್ ಒತ್ತಿದರೆ, ಗಾಡಿ ಮೊದಲಿಗಿಂತ ಜೋರಾಗಿ ಒಂದು ಕಡೆ ಎಳೆಯುತ್ತದೆ. ಮಡ್‌ಗಾರ್ಡ್‌ನಿಂದ ಆಚೆ ಬಂದ ಗಾಲಿ ಪಕ್ಕದ ಬೈಕಿನವರಿಗೆ ಕೆಸರು ಎರಚುವುದು ಬೇರೆ. ಅವರ ಬೈಗುಳಕ್ಕೆ ಯಾವ ವಿಮೆಯೂ ಇಲ್ಲ.

ಬೇರಿಂಗ್ ಮೇಲಿನ ವಾದ

‘ಬೇರಿಂಗ್ ಹಾಳಾಗುತ್ತದೆ’ ಎನ್ನುವುದು ವಿರೋಧಿಗಳ ಮುಖ್ಯ ಮಾತು. ಅರ್ಧ ಸರಿ. ಗಾಲಿ ಹೊರಗೆ ಹೋದಷ್ಟೂ ಸನ್ನೆಕೋಲು ಉದ್ದವಾಗಿ ಬೇರಿಂಗ್ ಮೇಲೆ ತಿರುಚುವ ಭಾರ ಏರುತ್ತದೆ. ಆದರೆ ಅಷ್ಟೇ ಹೊರಗೆ ಬರುವ ಅಲಾಯ್ ಹಾಕಿದರೂ ಅದೇ ಭಾರ. ಗಾಲಿ ಹೊರಗೆ ಬಂದದ್ದು ಬಿಲ್ಲೆಯಿಂದಲೋ ರಿಮ್‌ನಿಂದಲೋ ಬೇರಿಂಗ್‌ಗೆ ತಿಳಿಯದು. 5 ಮಿ.ಮೀ.ಗೆ ವ್ಯತ್ಯಾಸ ಅತ್ಯಲ್ಪ, 25 ದಾಟಿದರೆ ಬೇಗ ಸವೆಯುತ್ತದೆ. ಅದೂ ಗುಂಯ್ ಎಂದು ಸದ್ದು ಮಾಡಿ ಮೊದಲೇ ಹೇಳುತ್ತದೆ. ಸಡಿಲವಾದ ನಟ್ ಅಷ್ಟು ದಯೆ ತೋರಿಸುವುದಿಲ್ಲ.

ಪರವಾಗಿ ಇರುವವರು ಏನನ್ನುತ್ತಾರೆ

ಅವರ ಬಳಿಯೂ ಬಲವಾದ ವಾದವಿದೆ. ಪೋರ್ಷೆಯಂತಹ ಕಂಪನಿ ಕೆಲವು ಕಾರುಗಳಿಗೆ ಕಾರ್ಖಾನೆಯಿಂದಲೇ ಸ್ಪೇಸರ್ ಕೊಟ್ಟಿದೆ. ಜರ್ಮನಿಯಲ್ಲಿ ಟಿಯುವಿ ಎಂಬ ತಪಾಸಣಾ ಸಂಸ್ಥೆಯ ಪರೀಕ್ಷೆ ಪಾಸಾದ ಸ್ಪೇಸರ್‌ಗಳು ಕಾನೂನುಬದ್ಧವಾಗಿ ಮಾರಾಟವಾಗುತ್ತವೆ. ಹಾಗಾದರೆ ನಮಗೇಕೆ ಬೇಡ?

ಅಲ್ಲಿ ಒಪ್ಪಿಗೆ ಸಿಗುವುದು ಬಿಲ್ಲೆಗೆ ಮಾತ್ರ ಅಲ್ಲ. ಯಾವ ಕಾರು, ಯಾವ ರಿಮ್, ಯಾವ ಟಯರ್, ಎಷ್ಟು ಉದ್ದದ ಬೋಲ್ಟ್ ಎಂಬ ಇಡೀ ಜೋಡಣೆಗೆ. ನಮ್ಮಲ್ಲಿ ರಿಮ್‌ಗೆ ಐಎಸ್ 16192 ಎಂಬ ಮಾನಕ ಇದೆ, ಅದು ಬಿಲ್ಲೆಯ ಮಾನಕವಲ್ಲ. ಆದ್ದರಿಂದ ಗುಣಮಟ್ಟ ಅಳೆಯುವ ಭಾರವೆಲ್ಲ ಕೊಳ್ಳುವವರ ತಲೆಯ ಮೇಲೆ. ಜರ್ಮನಿಯ ಉದಾಹರಣೆ ಕೊಟ್ಟು ಇಲ್ಲಿಯ ಎರಕದ ಬಿಲ್ಲೆ ಮಾರುವುದು, ಪೆಟ್ಟಿಗೆ ತೋರಿಸಿ ಒಳಗಿನ ಸಾಮಾನು ಬದಲಿಸಿದ ಹಾಗೆ.

ಕಾನೂನು ಎಲ್ಲಿ ನಿಂತಿದೆ

ವಾಟ್ಸಾಪ್ ಸುದ್ದಿ ಸುಳ್ಳಲ್ಲ, ಹಳೆಯದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ನಿಯಮ ಒಪ್ಪದ ಬಿಡಿಭಾಗ ಹಾಕಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಗೊಂದಲ ಇರುವುದು ಇಲ್ಲಿ. ಆರ್‌ಸಿಯಲ್ಲಿ ಗಾಲಿ ಎಷ್ಟು ಹೊರಗಿರಬೇಕೆಂದು ಬರೆದಿಲ್ಲ, ಹಾಗಾಗಿ 52 ತಗಲದು ಎಂದು ಅಂಗಡಿಯವರ ವಾದ. ಬಿಡಿಭಾಗ ಸೇರಿಸುವುದನ್ನೇ 182ಎ ಹೆಸರಿಸಿದೆಯಲ್ಲ ಎಂದು ಅದಕ್ಕೆ ಉತ್ತರ. ಎರಡನೆಯದೇ ಗಟ್ಟಿ ಎನಿಸುತ್ತದೆ. 5 ಮಿ.ಮೀ. ಬಿಲ್ಲೆ ಯಾರ ಕಣ್ಣಿಗೂ ಬೀಳದು, ಮಡ್‌ಗಾರ್ಡ್ ದಾಟಿದ ಗಾಲಿ ದೂರದಿಂದಲೇ ಕಾಣುತ್ತದೆ. ಮಾರಾಟಕ್ಕೆ ಇದೆ ಎಂದ ಮಾತ್ರಕ್ಕೆ ರಸ್ತೆಗೆ ಒಪ್ಪಿಗೆ ಸಿಕ್ಕಿದ ಹಾಗಲ್ಲ.

ದಂಡಕ್ಕಿಂತ ದೊಡ್ಡ ಹೊಡೆತ ವಿಮೆಯದು. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತಕ್ಕೆ ಕಾರಣ ಎಂದು ಸರ್ವೇಯರ್ ಬರೆದರೆ ಸ್ವಂತ ಗಾಡಿಯ ಕ್ಲೇಮ್ ಸಿಕ್ಕಿಹಾಕಿಕೊಳ್ಳಬಹುದು. ಬೇರಿಂಗ್, ಸಸ್ಪೆನ್ಷನ್ ವಾರಂಟಿಗೂ ಇದೇ ತಕರಾರು ಬರುತ್ತದೆ.

ಹಾಕಿಸಿಯೇ ತೀರುವವರಿಗೆ

ಚಂದಕ್ಕಾದರೆ ಬೇಡ. ಕರಾವಳಿಯಲ್ಲಿ ಇದು ಕೇಳುವ ಆರೈಕೆ, ಕೊಡುವ ಚಂದಕ್ಕೆ ಹೊಂದುವುದಿಲ್ಲ. ಟಯರ್ ಉಜ್ಜುವ ತೊಂದರೆಯಾದರೆ ಮೊದಲು ಸರಿಯಾದ ಆಫ್‌ಸೆಟ್‌ನ ರಿಮ್ ಹುಡುಕಿ. ಖರ್ಚು ಜಾಸ್ತಿ, ಆದರೆ ಹೊಸ ಸಂದು ಇರುವುದಿಲ್ಲ. ಆಫ್‌ಸೆಟ್ ಅಂದರೆ ರಿಮ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ದೂರ. 45 ಇದ್ದ ಜಾಗಕ್ಕೆ 35ರ ರಿಮ್ ಹಾಕಿದರೆ 10 ಮಿ.ಮೀ. ಬಿಲ್ಲೆ ಇಟ್ಟಷ್ಟೇ ಆಯಿತು.

ಅದೂ ಆಗದು, ಬಿಲ್ಲೆಯೇ ಗತಿ ಎಂದಾದರೆ ಹಬ್ ಮುಖವನ್ನು ವೈರ್ ಬ್ರಶ್‌ನಿಂದ ಬೆಳ್ಳಗೆ ಉಜ್ಜಿಸಿ. ಕೂರುವ ಮುಖಕ್ಕೆ ಗ್ರೀಸ್ ಬಳಿಯಬೇಡಿ. ಮರೆಗೂ ಎಣ್ಣೆ ಬೇಡ. ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಮಿತಿಮೀರಿ ಎಳೆಯುತ್ತದೆ. ಗನ್ ದೂರ ಇಟ್ಟು, ಕಾರಿನ ಮ್ಯಾನುಯಲ್‌ನಲ್ಲಿರುವ ಅಂಕಿಗೆ ಟಾರ್ಕ್ ರೆಂಚ್‌ನಿಂದ (ಬಿಗಿಯುವ ಬಲವನ್ನು ಅಳೆಯುವ ಪಾನಾ) ಬಿಗಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಗಾಲಿ ತಣ್ಣಗಿರುವಾಗ, ಮತ್ತೆ ಪರೀಕ್ಷಿಸಿ. ಬೋಲ್ಟ್ ಸ್ಪೇಸರ್ ಆದರೆ ಗಾಲಿ ಬಿಚ್ಚಿ ಒಳಗಿನ ನಟ್‌ಗಳನ್ನೂ ನೋಡಬೇಕು. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪೂರ್ತಿ ಬಿಚ್ಚಿ ಹುಡಿ ತೆಗೆಸಬೇಕು.

ನಮ್ಮ ಕಡೆಯ ಎಷ್ಟೋ ಜನ ಈ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುತ್ತಾರೆ. ಹಾಕಿಸಿಕೊಂಡು ಸಂಜೆ ಅಂಕೋಲಾಕ್ಕೋ ಕಾರವಾರಕ್ಕೋ ಇಳಿಯುತ್ತಾರೆ. ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರ್. ಮರುಬಿಗಿತಕ್ಕೆ ಸರಿಯಾದ ಜಾಗ ಅದೇ, ಯಾಕೆಂದರೆ ಅದನ್ನು ದಾಟಿದರೆ ಮುಂದೆ ಅರಬೈಲು ಘಟ್ಟ. ಚಹಾ ಕುಡಿಯುವಷ್ಟು ಹೊತ್ತು ನಿಂತರೆ ಗಾಲಿಯೂ ತಣಿಯುತ್ತದೆ. ಟಾರ್ಕ್ ರೆಂಚ್ ಮಾತ್ರ ನಿಮ್ಮ ಡಿಕ್ಕಿಯಲ್ಲೇ ಇರಬೇಕು.